ಸಾರಾ ಮೊಂತಿಯೆಲ್: ಫ್ರಾಂಕೋ ಕಾಲದ ಸ್ಪೇನ್‌ನಲ್ಲಿ ಇಂಥ ಸ್ಟಾರ್ ಹೇಗೆ ಹುಟ್ಟಿದ್ಳು?

ಹಾಲಿವುಡ್‌ಗೆ ಹೋದ ಸ್ಪೇನ್ ನಟಿ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಪೆನೆಲೋಪೆ ಕ್ರೂಸ್. ಆದ್ರೆ ಪೆನೆಲೋಪೆ ಹುಟ್ಟೋದಕ್ಕೂ ಇಪ್ಪತ್ತು ವರ್ಷ ಮೊದ್ಲೇ, 1954ರಲ್ಲೇ, ಗ್ಯಾರಿ ಕೂಪರ್ ಮತ್ತು ಬರ್ಟ್ ಲಂಕಾಸ್ಟರ್ ಜೊತೆ ಒಂದು ದೊಡ್ಡ ಅಮೆರಿಕನ್ ಸಿನಿಮಾದಲ್ಲಿ ನಟಿಸಿದ್ದ ಸ್ಪೇನ್ ಹುಡುಗಿ ಒಬ್ಳಿದ್ಳು, ಹೆಸರು ಸಾರಾ ಮೊಂತಿಯೆಲ್. ಆಮೇಲೆ ಅವಳು ಹಾಲಿವುಡ್ ಬಿಟ್ಟು ತನ್ನ ದೇಶಕ್ಕೆ ವಾಪಸ್ ಬಂದು ಮಾಡಿದ ಒಂದು ಸಣ್ಣ ಬಜೆಟ್ ಸಿನಿಮಾ ಇದ್ಯಲ್ಲ, ಅದು ಅವಳನ್ನ ಸ್ಪ್ಯಾನಿಷ್ ಮಾತಾಡೋ ಇಡೀ ಪ್ರಪಂಚದಲ್ಲಿ ಯಾವ ಹಾಲಿವುಡ್ ಸಿನಿಮಾನೂ ಮಾಡದಷ್ಟು ದೊಡ್ಡ ಸ್ಟಾರ್ ಮಾಡ್ತು.

ಇದ್ರಲ್ಲಿ ಅರ್ಥ ಮಾಡ್ಕೋಬೇಕಾದ ವಿಷಯ ಒಂದಿದೆ. ಆ ಸಿನಿಮಾ, 'ಎಲ್ ಉಲ್ತಿಮೋ ಕುಪ್ಲೆ', ಬಂದಿದ್ದು 1957ರಲ್ಲಿ. ಸ್ಪೇನ್‌ನಲ್ಲಿ ಆಗ ಜನರಲ್ ಫ್ರಾಂಕೋ ಸರ್ವಾಧಿಕಾರ, ಅವ್ರ ಕಡೆ ಗೆದ್ದ ಅಂತರ್ಯುದ್ಧ ಮುಗಿದು 18 ವರ್ಷ ಆಗಿತ್ತು, ಚರ್ಚು ಸರ್ಕಾರ ಎರಡೂ ಸೇರಿ ಹೆಂಗಸರು ಹೇಗೆ ಬಟ್ಟೆ ಹಾಕಬೇಕು, ಹೇಗೆ ಬದುಕಬೇಕು ಅಂತ ತೀರ್ಮಾನ ಮಾಡ್ತಿದ್ದ ಕಾಲ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ದೆ ಕಾಂಟ್ರಾಕ್ಟ್‌ಗೆ ಸಹಿ ಹಾಕೋ ಹಾಗಿರ್ಲಿಲ್ಲ, ಆ ಕಾನೂನು ಹೋಗಿದ್ದೇ 1975ರಲ್ಲಿ. ಫ್ರಾಂಕೋ ರದ್ದು ಮಾಡಿದ್ದ ವಿಚ್ಛೇದನ 1981ರ ತನಕ ವಾಪಸ್ ಬರ್ಲೇ ಇಲ್ಲ. ಅಂಥ ದೇಶದಲ್ಲಿ, ಮದುವೆ ಆಗದೆ ಒಬ್ಬರಾದ್ಮೇಲೆ ಒಬ್ಬರನ್ನ ಪ್ರೀತಿಸೋ, ಸಿಗರೇಟ್ ಸೇದ್ತಾ ಸೋಫಾ ಮೇಲೆ ಒರಗಿ ಪ್ರಿಯಕರನಿಗಾಗಿ ಕಾಯ್ತಾ ಹಾಡೋ ಹೆಂಗಸಿನ ಕಥೆ ಅತಿ ದೊಡ್ಡ ಹಿಟ್ ಆಯ್ತು. ಸೆನ್ಸಾರ್‌ನವ್ರು ನಿದ್ದೆ ಮಾಡ್ತಿದ್ರಾ? ಇಲ್ಲ, ಅವ್ರು ಸ್ಕ್ರಿಪ್ಟ್ ಓದಿದ್ರು, ಸಿನಿಮಾನೂ ನೋಡಿದ್ರು, ಪಾಸ್ ಮಾಡಿದ್ರು. ಇದು ಹೇಗಾಯ್ತು ಅನ್ನೋದು ಗೊತ್ತಾದ್ರೆ ಸಾರಾ ಯಾರು ಅನ್ನೋದೂ ಗೊತ್ತಾಗುತ್ತೆ.

ಮೊದ್ಲು ಅವಳ ಊರು. 1928ರ ಮಾರ್ಚ್ 10, ಕಾಂಪೋ ದೆ ಕ್ರಿಪ್ತಾನಾ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಲಾ ಮಾಂಚಾ ಅನ್ನೋ ಬಯಲು ಸೀಮೆ ಇದೆ, ಸರ್ವಾಂಟಿಸ್ ಕಾದಂಬರಿಯ ದೋನ್ ಕಿಹೋತೆ (ನಾವು ಡಾನ್ ಕ್ವಿಕ್ಸೋಟ್ ಅಂತೀವಲ್ಲ) ಗಾಳಿಯಂತ್ರಗಳನ್ನ ರಾಕ್ಷಸರು ಅಂದ್ಕೊಂಡು ಯುದ್ಧಕ್ಕೆ ಹೋದ ಸೀಮೆ, ಆ ಗಾಳಿಯಂತ್ರಗಳು ಇವತ್ತಿಗೂ ಈ ಊರಿನ ಗುಡ್ಡದ ಮೇಲೆ ಸಾಲಾಗಿ ನಿಂತಿವೆ, ಅದ್ರಲ್ಲಿ ಒಂದು ಈಗ ಸಾರಾ ಮೊಂತಿಯೆಲ್ ಮ್ಯೂಸಿಯಂ. ಹುಟ್ಟಿದಾಗ ಅವಳ ಹೆಸರು ಮರಿಯಾ ಆಂತೋನಿಯಾ ಆಬಾದ್ ಫೆರ್ನಾಂದೆಸ್. ಬಡ ಕುಟುಂಬ, ಅಪ್ಪ ಹೊಲದ ಕೆಲಸದವ್ರು, ಅಮ್ಮ ಮನೆಮನೆಗೆ ಹೋಗಿ ಹೆಂಗಸರ ತಲೆ ಬಾಚಿ ಅಲಂಕಾರ ಮಾಡ್ತಿದ್ರು. ಅಂತರ್ಯುದ್ಧ ಶುರುವಾದಾಗ ಅವಳಿಗೆ ಎಂಟು ವರ್ಷ, ಮುಗಿದಾಗ ಹನ್ನೊಂದು. ಅಪ್ಪನ ಆರೋಗ್ಯ ಸರಿ ಇಲ್ದೆ ಕುಟುಂಬ ಪೂರ್ವ ಕರಾವಳಿ ಕಡೆಯ ಒರಿವೆಲಾ ಅನ್ನೋ ಊರಿಗೆ ಹೋಯ್ತು. ಅಲ್ಲಿ ಬೆಳೆದ ಈ ಹುಡುಗಿಗೆ ಶಾಲೆ ಸರಿಯಾಗಿ ಸಿಗ್ಲೇ ಇಲ್ಲ. ದೊಡ್ಡ ನಟಿ ಆದ್ಮೇಲೂ ನೆಟ್ಟಗೆ ಓದೋಕೆ ಬರೆಯೋಕೆ ಬರ್ತಿರ್ಲಿಲ್ಲ ಅಂತ ಅವಳೇ ಮುಚ್ಚುಮರೆ ಇಲ್ದೆ ಹೇಳ್ಕೊಂಡಿದ್ದಾಳೆ. ಮುಂದೆ ಇವಳು ಮಾಡಿದ ಎಲ್ಲಾ ವ್ಯವಹಾರಗಳ ಹಿಂದೆ ಈ ವಿಷಯ ಇದೆ ಅನ್ನೋದನ್ನ ಮರೀಬಾರ್ದು, ಓದೋಕೆ ಬರದ ಹುಡುಗಿ ಸಿನಿಮಾ ಕಾಂಟ್ರಾಕ್ಟ್‌ಗಳ ಲೋಕಕ್ಕೆ ಬಂದಿದ್ದು.

ಸಿನಿಮಾಗೆ ಬಂದಿದ್ದು 1944ರಲ್ಲಿ, ಹದಿನಾರರ ವಯಸ್ಸು. ಮೊದಲ ಸಿನಿಮಾದಲ್ಲಿ ಮರಿಯಾ ಅಲೆಹಾಂದ್ರಾ ಅಂತ ಹೆಸರು ಹಾಕಿದ್ರು, ಎರಡನೇ ಸಿನಿಮಾ ಹೊತ್ತಿಗೆ ಎನ್ರಿಕೆ ಎರ್ರೆರೋಸ್ ಅನ್ನೋ ವ್ಯಂಗ್ಯಚಿತ್ರಕಾರ, ಸಿನಿಮಾ ಪ್ರಚಾರದಲ್ಲಿ ಪಳಗಿದವ್ರು, ಸಾರಾ ಮೊಂತಿಯೆಲ್ ಅಂತ ಹೊಸ ಹೆಸರು ಕೊಟ್ರು. ಸಾರಾ ಅಜ್ಜಿಯ ಹೆಸರು, ಮೊಂತಿಯೆಲ್ ಲಾ ಮಾಂಚಾದ ಒಂದು ಪ್ರದೇಶದ ಹೆಸರು. ಆಮೇಲೆ ಆರು ವರ್ಷ ಸ್ಪೇನ್‌ನಲ್ಲೇ ಒಂದರ ಹಿಂದೆ ಒಂದು ಸಿನಿಮಾ. 1947ರಲ್ಲಿ ರಾಫಾಯೆಲ್ ಹಿಲ್ ಮಾಡಿದ ದೋನ್ ಕಿಹೋತೆ ಸಿನಿಮಾದಲ್ಲಿ ಕಿಹೋತೆಯ ಸೋದರ ಸೊಸೆ ಪಾತ್ರ, ಗಾಳಿಯಂತ್ರದ ಊರಿನ ಹುಡುಗಿಗೆ ಅದು ಸಿಕ್ಕಿದ್ದು ಚೆಂದ. 1948ರಲ್ಲಿ ಹ್ವಾನ್ ದೆ ಓರ್ದೂನ್ಯಾ ನಿರ್ದೇಶನದ 'ಲೋಕೂರಾ ದೆ ಅಮೋರ್' ಅನ್ನೋ ಐತಿಹಾಸಿಕ ಸಿನಿಮಾದಲ್ಲಿ ಮೂರ್ ಜನಾಂಗದ, ಅಂದ್ರೆ ಹಳೇ ಸ್ಪೇನ್‌ನ ಮುಸ್ಲಿಂ ಜನಾಂಗದ, ರಾಜಕುಮಾರಿ. ಆ ಸಿನಿಮಾ ಭಾರಿ ಓಡ್ತು, ಆದ್ರೆ ಸಾರಾ ಅದ್ರಲ್ಲಿ ನಾಯಕಿ ಅಲ್ಲ, ನಾಯಕಿಯ ಸಂಸಾರಕ್ಕೆ ಅಡ್ಡ ಬರೋ ಸುಂದರಿ. ಅವಳನ್ನ ಏನು ಮಾಡಬೇಕು ಅಂತ ಸ್ಪೇನ್ ಸಿನಿಮಾದವ್ರಿಗೆ ಗೊತ್ತಾಗ್ಲಿಲ್ಲ ಅಂತ ನನಗನ್ಸುತ್ತೆ. ಆಗ ಅವ್ರಿಗೆ ಬೇಕಿದ್ದಿದ್ದು ರಾಣಿಯರು, ಸಂತರು, ತ್ಯಾಗಮಯಿ ತಾಯಂದಿರು, ಈ ಮುಖ ಅದ್ಯಾವುದಕ್ಕೂ ಹೊಂದ್ತಿರ್ಲಿಲ್ಲ.

1950ರಲ್ಲಿ ಮೆಕ್ಸಿಕೋಗೆ ಹೋದ್ಳು. ಇದು ಬರೀ ಕೆಲಸ ಹುಡುಕ್ಕೊಂಡು ಹೋಗಿದ್ದು ಅಂತ ನೋಡಿದ್ರೆ ಅರ್ಧ ವಿಷಯ ತಪ್ಪಿಹೋಗುತ್ತೆ. ಮೆಕ್ಸಿಕೋ ಫ್ರಾಂಕೋ ಸರ್ಕಾರವನ್ನ ಒಪ್ಕೊಂಡೇ ಇರ್ಲಿಲ್ಲ, ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಗಿದ್ದು 1977ರಲ್ಲಿ. ಯುದ್ಧದಲ್ಲಿ ಸೋತ ಕಡೆಯ ಸಾವಿರಾರು ಜನ ಕವಿಗಳು, ಮೇಷ್ಟ್ರುಗಳು, ವಿಜ್ಞಾನಿಗಳು ಅಲ್ಲೇ ನೆಲೆ ಕಂಡಿದ್ರು. ಸಾರಾ ಆ ದೇಶಭ್ರಷ್ಟರ ಬಳಗದಲ್ಲೇ ಓದು ಬರಹ ಕಲ್ತೆ, ಕವಿ ಲಿಯೋನ್ ಫೆಲಿಪೆ ತನಗೆ ಕಲಿಸಿದ್ರು ಅಂತ ಹೇಳ್ತಿದ್ಳು. ಮೆಕ್ಸಿಕೋ ಸಿನಿಮಾಗೆ ಅದು ಸುವರ್ಣಯುಗ, ಅಲ್ಲಿನ ಜನ ಆರಾಧಿಸ್ತಿದ್ದ ಹಾಡುಗಾರ ನಟ ಪೆದ್ರೋ ಇನ್ಫಾಂತೆ ಜೊತೆ 1952ರಲ್ಲೇ ಸಿನಿಮಾ ಮಾಡಿದ್ಳು. ಅಲ್ಲಿ ಇನ್ನೊಂದು ಕಲಿಕೆನೂ ಆಯ್ತು, ಬೊಲೇರೋ. ನಿಧಾನಗತಿಯ, ಮೈಕ್ ಹತ್ತಿರ ಇಟ್ಕೊಂಡು ಪಿಸುಗುಟ್ಟೋ ಹಾಗೆ ಹಾಡೋ ಲ್ಯಾಟಿನ್ ಅಮೆರಿಕನ್ ಪ್ರೇಮಗೀತೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೆಕ್ಸಿಕೋದಿಂದ ಹಾಲಿವುಡ್‌ಗೆ ದಾರಿ ಹತ್ತಿರ. ಶುರುವಲ್ಲಿ ಹೇಳಿದ 1954ರ ಸಿನಿಮಾ, ರಾಬರ್ಟ್ ಆಲ್ಡ್ರಿಚ್ ನಿರ್ದೇಶನದ 'ವೆರಾ ಕ್ರೂಜ್', ಚಿತ್ರೀಕರಣ ಆಗಿದ್ದೇ ಮೆಕ್ಸಿಕೋದಲ್ಲಿ, ಅಲ್ಲೇ ಸಾರಾಗೆ ನೀನಾ ಅನ್ನೋ ಪಾತ್ರ ಸಿಕ್ತು. ಆಮೇಲೆ 1956ರಲ್ಲಿ 'ಸೆರನೇಡ್', ಒಪೆರಾ ಗಾಯಕ ಮಾರಿಯೋ ಲಾಂಜಾ ಜೊತೆ. ಅದನ್ನ ನಿರ್ದೇಶಿಸಿದ ಆಂಥನಿ ಮ್ಯಾನ್, ವೆಸ್ಟರ್ನ್ ಸಿನಿಮಾಗಳಿಗೆ ಹೆಸರಾದವ್ರು, 1957ರಲ್ಲಿ ಅವಳನ್ನ ಮದುವೆ ಆದ್ರು. ಅದೇ ವರ್ಷ ಸ್ಯಾಮ್ಯುಯೆಲ್ ಫುಲ್ಲರ್ ಅವರ 'ರನ್ ಆಫ್ ದಿ ಆರೋ' ಬಂತು, ಅದ್ರಲ್ಲಿ ಅಮೆರಿಕದ ಮೂಲನಿವಾಸಿ ಸೂ ಜನಾಂಗದ ಹೆಣ್ಣಿನ ಪಾತ್ರ. ಪಾತ್ರ ನೋಡಿ, ಮೆಕ್ಸಿಕನ್ ಹುಡುಗಿ, ಮೂಲನಿವಾಸಿ ಹೆಣ್ಣು, ಇಷ್ಟೇ. ಕಪ್ಪು ಕೂದಲು, ಕಪ್ಪು ಕಣ್ಣು ಇದ್ರೆ ಹಾಲಿವುಡ್‌ಗೆ ಆಗ ಬೇರೆ ಏನೂ ಹೊಳೀತಿರ್ಲಿಲ್ಲ. ಇನ್ನೂ ಒಂದು ವಿಷಯ ಇದೆ, ಆ ಸಿನಿಮಾದಲ್ಲಿ ಕೇಳ್ಸೋ ದನಿ ಸಾರಾದ್ದಲ್ಲ. ಅವಳ ಮಾತುಗಳನ್ನ ಆಂಜಿ ಡಿಕಿನ್ಸನ್ ಅನ್ನೋ ಅಮೆರಿಕನ್ ನಟಿ ಹತ್ರ ಡಬ್ ಮಾಡ್ಸಿದ್ರು. ಮುಂದೆ ಯಾವ ದನಿಗೋಸ್ಕರ ಜನ ಟಿಕೆಟ್ ತಗೊಂಡ್ರೋ ಅದೇ ದನಿಯನ್ನ ಹಾಲಿವುಡ್ ತೆಗೆದು ಪಕ್ಕಕ್ಕಿಟ್ಟಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ, 'ಎಲ್ ಉಲ್ತಿಮೋ ಕುಪ್ಲೆ', ಅಂದ್ರೆ ಕೊನೆಯ ಕುಪ್ಲೆ. ಇದಕ್ಕೆ ಮೊದ್ಲು ಕುಪ್ಲೆ ಏನು ಅಂತ ಗೊತ್ತಿರ್ಬೇಕು.

1890ರ ದಶಕದಲ್ಲಿ ಫ್ರಾನ್ಸ್ ಕಡೆಯಿಂದ ಮ್ಯಾಡ್ರಿಡ್‌ಗೆ ಬಂದ ಒಂದು ಥರದ ಸಣ್ಣ ರಂಗಗೀತೆ ಇದು. ಮೂರ್ನಾಲ್ಕು ನಿಮಿಷ, ಒಬ್ಳೇ ಹಾಡುಗಾರ್ತಿ, ಒಂದು ಪುಟ್ಟ ಕಥೆ, ಮಧ್ಯೆ ಮಧ್ಯೆ ಬರೋ ಪಲ್ಲವಿಯನ್ನ ನೋಡೋ ಜನರೂ ಜೊತೆಗೆ ಹಾಡ್ತಿದ್ರು. ಶುರುವಲ್ಲಿ ಇದು ಪೂರ್ತಿ ಗಂಡಸರ ಮನರಂಜನೆ, ದ್ವಂದ್ವಾರ್ಥದ ಮಾತು, ಹೊಗೆ ತುಂಬಿದ ಸಣ್ಣ ಥಿಯೇಟರ್‌ಗಳು. 1893ರಲ್ಲಿ ಮ್ಯಾಡ್ರಿಡ್‌ನಲ್ಲಿ ಆಗುಸ್ತಾ ಬೆರ್ಗೆಸ್ ಅನ್ನೋ ಜರ್ಮನ್ ಹಾಡುಗಾರ್ತಿ ಬಟ್ಟೆಯೊಳಗೆ ಸೇರ್ಕೊಂಡ ಚಿಗಟ ಹುಡುಕೋ ಹಾಡು ಹಾಡಿದ್ದು ಇದರ ಆರಂಭ ಅಂತ ಸಾಮಾನ್ಯವಾಗಿ ಹೇಳ್ತಾರೆ, ಚಿಗಟ ಹುಡುಕೋ ನೆಪದಲ್ಲಿ ಏನು ನಡೀತಿತ್ತು ಅಂತ ಬಿಡಿಸಿ ಹೇಳೋದು ಬೇಡ. 1910ರ ಹೊತ್ತಿಗೆ ಲಾ ಗೋಯಾ, ರಾಕೆಲ್ ಮೆಯೆರ್ ಥರದವ್ರು ಬಂದು ಇದನ್ನ ಮನೆಮಂದಿಯೆಲ್ಲಾ ಕೂತು ನೋಡೋ ಕಲೆ ಮಾಡಿದ್ರು. ರಾಕೆಲ್ ಮೆಯೆರ್ ಎಷ್ಟು ದೊಡ್ಡ ಹೆಸರು ಅಂದ್ರೆ 1926ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಮುಖಪುಟದಲ್ಲಿ ಅವಳ ಚಿತ್ರ ಬಂತು. ಅವಳು ಹೂವು ಮಾರೋ ಹುಡುಗಿಯ ಹಾಡು 'ಲಾ ವಿಯೋಲೆತೇರಾ' ಹಾಡಿ ಪ್ರಪಂಚಕ್ಕೆಲ್ಲಾ ಪರಿಚಯ ಮಾಡ್ಸಿದ್ಳು, ಚಾರ್ಲಿ ಚಾಪ್ಲಿನ್ 1931ರ 'ಸಿಟಿ ಲೈಟ್ಸ್'ನಲ್ಲಿ ಕುರುಡು ಹೂವಾಡಗಿತ್ತಿಗೆ ಬಳಸಿದ ರಾಗ ಅದೇ, ಸಂಗೀತ ಸಂಯೋಜಕ ಹೊಸೆ ಪಾದೀಯಾ ಹೆಸರು ಹಾಕಿರ್ಲಿಲ್ಲ ಅಂತ ಕೇಸ್ ಆಗಿ ಚಾಪ್ಲಿನ್ ಸೋತ್ರು. ಸಿಟಿ ಲೈಟ್ಸ್ ನೋಡಿದ ಕನ್ನಡದವ್ರು ಎಷ್ಟೋ ಜನ ಇದ್ದೀರಿ, ಹಾಗಾದ್ರೆ ಒಂದು ಕುಪ್ಲೆ ಆಗ್ಲೇ ಕೇಳಿದ್ದೀರಿ.

ಮಾತಾಡೋ ಸಿನಿಮಾ ಬಂತು, ಜಾಝ್ ಬಂತು, ದಕ್ಷಿಣ ಸ್ಪೇನ್‌ನ ಆಂದಲೂಸಿಯಾ ಕಡೆಯ ಕೋಪ್ಲಾ ಅನ್ನೋ ಹಾಡಿನ ಶೈಲಿ ಬಂತು, ಕುಪ್ಲೆ ಹಳೇದಾಗೋಯ್ತು. ಆಮೇಲೆ ಯುದ್ಧ. 1950ರ ಹೊತ್ತಿಗೆ ಕುಪ್ಲೆ ಅಂದ್ರೆ ಅಜ್ಜ ಅಜ್ಜಿ ಗುನುಗೋ ಹಾಡು. ಆ ದಶಕದ ಮಧ್ಯದಲ್ಲಿ ಲಿಲಿಯಾನ್ ದೆ ಸೆಲಿಸ್ ಅನ್ನೋ ಗಾಯಕಿ ರೇಡಿಯೋದಲ್ಲಿ ಹಳೇ ಕುಪ್ಲೆಗಳನ್ನ ಹಾಡೋಕೆ ಶುರು ಮಾಡಿದ್ಳು, ಜನ ಕಿವಿಗೊಟ್ಟು ಕೇಳಿದ್ರು. ಯುದ್ಧಕ್ಕೂ ಮುಂಚಿನ ಮ್ಯಾಡ್ರಿಡ್, ಕಾಫಿ ಹೋಟೆಲ್‌ಗಳು, ದೀಪಗಳು, ಸ್ವಲ್ಪ ಮೋಜು ಮಾಡಿದ್ರೆ ಪಾಪ ಅಲ್ಲ ಅನ್ನೋ ಕಾಲ, ಅದನ್ನೆಲ್ಲಾ ಬಾಯಿಬಿಟ್ಟು ನೆನೆಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಹಾಡಿನ ಮೂಲಕ ಆಗ್ತಿತ್ತು.

'ಲೋಕೂರಾ ದೆ ಅಮೋರ್' ಮಾಡಿದ್ದ ಓರ್ದೂನ್ಯಾಗೆ ಇದು ಹೊಳೀತು. ಹಳೇ ಕುಪ್ಲೆ ಹಾಡುಗಾರ್ತಿಯ ಮೇಲೆ ಒಂದು ಸಿನಿಮಾ. ಆದ್ರೆ ದುಡ್ಡು ಹಾಕೋಕೆ ಯಾರೂ ಮುಂದೆ ಬರ್ಲಿಲ್ಲ, ಅವರೇ ನಿರ್ಮಾಪಕ ಆದ್ರು, ಕಡಿಮೆ ದುಡ್ಡಲ್ಲಿ ಬಾರ್ಸಿಲೋನಾದಲ್ಲಿ ಚಿತ್ರೀಕರಣ. ಅಮೆರಿಕದಲ್ಲಿದ್ದ ಸಾರಾನ ಕರೆಸಿದ್ರು. ಅವಳು ನಟಿಸ್ತಾಳೆ, ಹಾಡುಗಳನ್ನ ಬೇರೆ ವೃತ್ತಿಪರ ಗಾಯಕಿ ಹಾಡ್ತಾಳೆ ಅನ್ನೋದು ಲೆಕ್ಕ. ಹಿನ್ನೆಲೆ ಗಾಯನ ನಮ್ಗೆ ಎಷ್ಟು ಸಹಜ ಅಂದ್ರೆ ಇದ್ರಲ್ಲಿ ವಿಶೇಷ ಏನೂ ಕಾಣಲ್ಲ. ಆದ್ರೆ ಆ ಗಾಯಕಿಗೆ ಕೊಡೋಕೂ ದುಡ್ಡು ಉಳೀಲಿಲ್ಲ, ನೀನೇ ಹಾಡು ಅಂತ ಸಾರಾಗೆ ಹೇಳಿದ್ರು ಅನ್ನೋದು ಸ್ಪೇನ್ ಸಿನಿಮಾದವ್ರು ಇವತ್ತಿಗೂ ಹೇಳೋ ಮಾತು.

ಅವಳು ಹಾಡಿದ್ಳು, ಕುಪ್ಲೆಯನ್ನ ಅಲ್ಲಿ ತನಕ ಯಾರೂ ಹಾಗೆ ಹಾಡಿರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಉತ್ತರ ತಂತ್ರಜ್ಞಾನದಲ್ಲಿದೆ. ಹಳೇ ಕಾಲದ ಹಾಡುಗಾರ್ತಿಯರಿಗೆ ಮೈಕ್ ಇರ್ಲಿಲ್ಲ, ಥಿಯೇಟರ್‌ನ ಕೊನೇ ಸಾಲಿಗೂ ಕೇಳ್ಬೇಕು, ಎದುರಿಗೆ ವಾದ್ಯಗೋಷ್ಠಿ ಬೇರೆ, ಹಾಗಾಗಿ ಎತ್ತರದ ದನಿ, ಚುರುಕು ಲಯ, ಅಕ್ಷರ ಅಕ್ಷರ ಕುಟ್ಟಿ ಹೇಳೋ ಶೈಲಿ. ಸಾರಾಗೆ ಆ ದನಿ ಇರ್ಲೇ ಇಲ್ಲ, ಅವಳದ್ದು ತಗ್ಗಿನ, ಸ್ವಲ್ಪ ಒರಟಾದ ದನಿ, ಉಸಿರು ಹೆಚ್ಚು ಸ್ವರ ಕಡಿಮೆ. ಆದ್ರೆ ಅವಳ ಮುಂದೆ ಸ್ಟುಡಿಯೋ ಮೈಕ್ ಇತ್ತು, ಮೆಕ್ಸಿಕೋದಲ್ಲಿ ಕೇಳ್ತಾ ಬೆಳೆಸ್ಕೊಂಡ ಬೊಲೇರೋ ಕಿವಿ ಇತ್ತು. ಅವಳು ಲಯ ಅರ್ಧಕ್ಕೆ ಇಳಿಸಿದ್ಳು, ಪದಗಳ ಕೊನೆಯನ್ನ ಎಳೆದ್ಳು, ಸಾವಿರ ಜನಕ್ಕೆ ಹಾಡಬೇಕಾದ ಹಾಡನ್ನ ಒಬ್ಬನ ಕಿವಿಗೆ ಹೇಳೋ ಮಾತು ಮಾಡಿದ್ಳು. ಕ್ಯಾಮೆರಾ ಬೇರೆ ಮುಖದ ತೀರಾ ಹತ್ತಿರ. ಹಳೇ ಕುಪ್ಲೆ ಅಭಿಮಾನಿಗಳಿಗೆ ಇದು ಹಿಡಿಸ್ಲಿಲ್ಲ, ಇದು ಹಾಡೋ ರೀತಿನಾ ಅಂದ್ರು, ಸಂಗೀತದ ಲೆಕ್ಕದಲ್ಲಿ ಅವ್ರ ಮಾತು ತಪ್ಪೇನಲ್ಲ. ರಾಕೆಲ್ ಮೆಯೆರ್ ಹಾಡಿದ್ದನ್ನ ಮೊದ್ಲು ಕೇಳಿ ಆಮೇಲೆ ಸಾರಾದ್ದು ಕೇಳಿ, ಒಂದೇ ಹಾಡು ಅಂತ ನಂಬೋಕೆ ಕಷ್ಟ ಆಗುತ್ತೆ. ಆದ್ರೆ ನನ್ನ ಮಟ್ಟಿಗೆ ಸಾರಾ ಮಾಡಿದ್ದು ಹಳೇ ಹಾಡಿನ ನಕಲಲ್ಲ, ಹೊಸ ಹಾಡುಗಾರಿಕೆ, ಅದಕ್ಕೇ ಅದು ಉಳೀತು.

'ಫುಮಾಂದೋ ಎಸ್ಪೇರೋ' ಅನ್ನೋ ಹಾಡು ಇದಕ್ಕೆ ಒಳ್ಳೆ ಉದಾಹರಣೆ. ಮೂಲತಃ ಇದು 1920ರ ದಶಕದ್ದು, ಹ್ವಾನ್ ವಿಲಾದೋಮಾತ್ ಸಂಗೀತ, ಲಯದಲ್ಲಿ ಟ್ಯಾಂಗೋ. ಒಬ್ಳು ಹೆಂಗಸು ಸಿಗರೇಟ್ ಸೇದ್ತಾ ತನ್ನ ಗಂಡಸಿಗಾಗಿ ಕಾಯ್ತಿದ್ದಾಳೆ, ಹಾಡಲ್ಲಿ ಇರೋದು ಅಷ್ಟೇ. ಸಿನಿಮಾದಲ್ಲಿ ಸಾರಾ ಒರಗಿಕೊಂಡು, ಹೊಗೆ ಬಿಡ್ತಾ, ಕಣ್ಣು ಅರ್ಧ ಮುಚ್ಚಿ ಹಾಡ್ತಾಳೆ. ದೊಡ್ಡ ನೃತ್ಯ ಇಲ್ಲ, ಅಂಗಾಂಗ ಪ್ರದರ್ಶನನೂ ಇಲ್ಲ. ಕತ್ತರಿ ಹಾಕೋಣ ಅಂದ್ರೆ ಏನಕ್ಕೆ ಹಾಕೋದು? ಸೆನ್ಸಾರ್ ಬೋರ್ಡ್ ಕತ್ತರಿ ಹಾಕೋದು ಮಾತಿಗೆ, ಮುತ್ತಿಗೆ, ಬಟ್ಟೆಗೆ. ದನಿಗೆ ಕತ್ತರಿ ಹಾಕೋದು ಹೇಗೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ.

ಇಲ್ಲಿ ಸೆನ್ಸಾರ್ ಹೇಗೆ ಕೆಲಸ ಮಾಡ್ತಿತ್ತು ಅಂತ ಸ್ವಲ್ಪ ಹೇಳ್ಬೇಕು. ಸ್ಪೇನ್‌ನಲ್ಲಿ ಸಿನಿಮಾ ಮಾಡೋಕೆ ಮೊದ್ಲು ಸ್ಕ್ರಿಪ್ಟ್ ಕೊಟ್ಟು ಅನುಮತಿ ತಗೋಬೇಕು, ಸಿನಿಮಾ ಮುಗಿದ್ಮೇಲೆ ಮತ್ತೆ ತೋರಿಸ್ಬೇಕು. ಏನು ಸರಿ ಏನು ತಪ್ಪು ಅಂತ ಬರೆದು ಪ್ರಕಟಿಸಿದ ನಿಯಮ 1963ರ ತನಕ ಇರ್ಲೇ ಇಲ್ಲ, ಬೋರ್ಡ್‌ನಲ್ಲಿ ಕೂತವ್ರಿಗೆ ಅವತ್ತು ಏನನ್ಸುತ್ತೋ ಅದೇ ನಿಯಮ, ಅವ್ರಲ್ಲಿ ಪಾದ್ರಿಗಳೂ ಇರ್ತಿದ್ರು. ಸರ್ಕಾರದ ಸರ್ಟಿಫಿಕೇಟ್ ಸಿಕ್ಕಿದ್ಮೇಲೂ ಚರ್ಚ್ ತನ್ನದೇ ಪ್ರತ್ಯೇಕ ನಂಬರ್ ಕೊಡ್ತಿತ್ತು, 1 ಅಂದ್ರೆ ಎಲ್ಲರೂ ನೋಡಬಹುದು, 4 ಅಂದ್ರೆ ಆತ್ಮಕ್ಕೆ ತೀರಾ ಅಪಾಯ. ಇದ್ರ ಜೊತೆ ದುಡ್ಡಿನ ಲೆಕ್ಕನೂ ಇತ್ತು. ಸರ್ಕಾರಕ್ಕೆ ಮೆಚ್ಚುಗೆಯಾದ ಸಿನಿಮಾಕ್ಕೆ ಒಳ್ಳೆ ದರ್ಜೆ ಕೊಟ್ಟು ಸಹಾಯ ಮಾಡ್ತಿದ್ರು, ಹಾಗಾಗಿ ನಿರ್ಮಾಪಕರು ತಾವೇ ಹೆದರಿ ಮೊದ್ಲೇ ಸರಿ ಮಾಡ್ಕೊಂಡು ಬರ್ತಿದ್ರು.

ನಿಯಮ ಬರೆದಿರ್ಲಿಲ್ಲ ಅಂದ್ರೂ ಎಲ್ಲರಿಗೂ ಗೊತ್ತಿದ್ದ ಒಂದು ಒಪ್ಪಂದ ಇತ್ತು. ತಪ್ಪು ದಾರಿಗೆ ಹೋದ ಹೆಂಗಸನ್ನ ತೋರಿಸಬಹುದು, ಆದ್ರೆ ಕೊನೆಯಲ್ಲಿ ಅವಳು ಅನುಭವಿಸ್ಲೇಬೇಕು. ಸಾಯ್ಬೇಕು, ಇಲ್ಲಾ ರೋಗ ಬರ್ಬೇಕು, ಇಲ್ಲಾ ಸನ್ಯಾಸಿನಿ ಆಗ್ಬೇಕು. ಎಲ್ ಉಲ್ತಿಮೋ ಕುಪ್ಲೆ ಕಥೆ ಈ ಒಪ್ಪಂದಕ್ಕೆ ಅಳತೆ ತಗೊಂಡು ಹೊಲಿದ ಹಾಗಿದೆ. ಮರಿಯಾ ಲುಹಾನ್ ಅನ್ನೋ ಒಂದು ಕಾಲದ ಪ್ರಸಿದ್ಧ ಹಾಡುಗಾರ್ತಿ ಈಗ ಬಾರ್ಸಿಲೋನಾದ ಯಾವುದೋ ಸಾಧಾರಣ ಕ್ಲಬ್‌ನಲ್ಲಿ ಹಾಡ್ತಾ ಇದ್ದಾಳೆ, ಹಳೇ ಮ್ಯಾನೇಜರ್ ಅವಳನ್ನ ಕಂಡುಹಿಡಿದು ಮಾತಾಡಿಸ್ತಾನೆ, ಅವಳು ತನ್ನ ಕಥೆ ಹೇಳ್ತಾಳೆ, ಪ್ರೀತಿಗಳು, ಪ್ಯಾರಿಸ್, ಅಮೆರಿಕ, ತನಗಿಂತ ಚಿಕ್ಕವನಾದ ಗೂಳಿಕಾಳಗದ ಹುಡುಗ, ಅವನು ಅಖಾಡದಲ್ಲೇ ಸಾಯ್ತಾನೆ, ಇವಳು ಕುಸಿದುಹೋಗ್ತಾಳೆ. ಕೊನೆಗೆ ಮತ್ತೊಮ್ಮೆ ವೇದಿಕೆ ಹತ್ತಿ, ಜನ ಎದ್ದು ಚಪ್ಪಾಳೆ ಹೊಡೆಯುವಂತೆ ಹಾಡಿ, ಅಲ್ಲೇ ಪ್ರಾಣ ಬಿಡ್ತಾಳೆ. ಕಾಗದದ ಮೇಲೆ ಓದಿದ್ರೆ ಇದು ನೀತಿಪಾಠ, ಸೆನ್ಸಾರ್‌ನವ್ರು ಓದಿದ್ದು ಇದನ್ನೇ. ಥಿಯೇಟರ್‌ನಲ್ಲಿ ಕೂತವ್ರು ನೋಡಿದ್ದು ಬೇರೆ. ಅವ್ರಿಗೆ ಎರಡು ಗಂಟೆ ಕಾಲ ತನ್ನ ಇಷ್ಟದ ಹಾಗೆ ಬದುಕಿದ, ದುಡಿದ, ಪ್ರೀತಿಸಿದ ಒಬ್ಳು ಹೆಂಗಸು ಸಿಕ್ಕಿದ್ಳು, ಶಿಕ್ಷೆ ಬಂದಿದ್ದು ಕೊನೇ ಎರಡು ನಿಮಿಷದಲ್ಲಿ. ಹೊರಗೆ ಬರೋವಾಗ ಜನ ಗುನುಗ್ತಾ ಬಂದಿದ್ದು ಹಾಡನ್ನ, ನೀತಿಯನ್ನಲ್ಲ.

1957ರ ಮೇ 6ಕ್ಕೆ ಮ್ಯಾಡ್ರಿಡ್‌ನ ಗ್ರಾನ್ ವಿಯಾ ರಸ್ತೆಯ ರಿಯಾಲ್ತೋ ಥಿಯೇಟರ್‌ನಲ್ಲಿ ಬಿಡುಗಡೆ ಆಗಿ ತಿಂಗಳುಗಟ್ಟಲೆ ಅಲ್ಲಿಂದ ಇಳೀಲೇ ಇಲ್ಲ. ಪಾಪ ಓರ್ದೂನ್ಯಾ, ದುಡ್ಡು ಸಾಲದೆ ಬಿಡುಗಡೆಗೆ ಮೊದ್ಲೇ ಸಿನಿಮಾನ ಸಿಫೇಸಾ ಅನ್ನೋ ಕಂಪನಿಗೆ ಮಾರಿಬಿಟ್ಟಿದ್ರು, ಲಾಭದ ರಾಶಿಯೆಲ್ಲಾ ಆ ಕಂಪನಿ ಪಾಲಾಯ್ತು. ಸಾರಾ ಈ ಪಾಠ ಚೆನ್ನಾಗಿ ಕಲ್ತಳು. ಮುಂದಿನ ಸಿನಿಮಾಗಳಿಗೆ ಅವಳು ಕೇಳಿದ ಸಂಭಾವನೆ ಸ್ಪೇನ್‌ನಲ್ಲಿ ಆವರೆಗೆ ಯಾವ ನಟಿಯೂ ಕೇಳಿರದಂಥದ್ದು, ಕೊಡೋಕೆ ನಿರ್ಮಾಪಕರು ತಯಾರಿದ್ರು, ರೆಕಾರ್ಡ್ ಮಾರಾಟದ ಆದಾಯ ಬೇರೆ. ಗಂಡನ ಸಹಿ ಇಲ್ದೆ ಹೆಂಗಸರು ವ್ಯವಹಾರ ಮಾಡೋ ಹಾಗಿಲ್ಲದ ದೇಶದಲ್ಲಿ, ಶಾಲೆಯ ಮುಖ ನೆಟ್ಟಗೆ ನೋಡದ ಹೆಣ್ಣುಮಗಳು ಕಥೆ, ನಾಯಕ, ಕ್ಯಾಮೆರಾಮನ್ ಎಲ್ಲಾದ್ರಲ್ಲೂ ತನ್ನ ಮಾತು ನಡೆಸ್ಕೊಂಡಿದ್ದು ನನಗೆ ಅವಳ ಹಾಡಿನಷ್ಟೇ ದೊಡ್ಡ ಸಾಧನೆ ಅನ್ಸುತ್ತೆ.

1958ರಲ್ಲಿ 'ಲಾ ವಿಯೋಲೆತೇರಾ', ಇಟಲಿಯ ರಾಫ್ ವಲ್ಲೋನೆ ನಾಯಕ, ಮ್ಯಾಡ್ರಿಡ್ ಬೀದಿಯಲ್ಲಿ ಹೂವು ಮಾರೋ ಹುಡುಗಿ ಹಾಡುಗಾರ್ತಿ ಆಗೋ ಕಥೆ. 1959ರಲ್ಲಿ 'ಕಾರ್ಮೆನ್ ಲಾ ದೆ ರೋಂದಾ', 1960ರಲ್ಲಿ 'ಮಿ ಉಲ್ತಿಮೋ ತಾಂಗೋ', 1961ರಲ್ಲಿ 'ಪೆಕಾದೋ ದೆ ಅಮೋರ್' ಅದ್ರಲ್ಲಿ ಕ್ಯಾಬರೆ ಹಾಡುಗಾರ್ತಿ ಸನ್ಯಾಸಿನಿ ಆಗ್ತಾಳೆ, 1962ರಲ್ಲಿ 'ಲಾ ಬೆಲ್ಯಾ ಲೋಲಾ' ಅದ್ರಲ್ಲಿ ಕ್ಷಯರೋಗ. ನೋಡಿದ್ರಲ್ಲ, ಮೇಲೆ ಹೇಳಿದ ಒಪ್ಪಂದ ಅಚ್ಚು ಹಾಕಿದ ಹಾಗೆ ನಡೀತಾ ಇತ್ತು. ಈ ಸಿನಿಮಾಗಳ ಕಥೆ ಒಂದನ್ನ ಹೇಳಿದ್ರೆ ಮಿಕ್ಕಿದ್ದನ್ನೂ ಅರ್ಧ ಹೇಳಿದ ಹಾಗೇ, ನಿರ್ದೇಶನನೂ ಅಂಥಾ ವಿಶೇಷವೇನಲ್ಲ, ಇದನ್ನ ಅಭಿಮಾನಿಗಳೂ ಒಪ್ಕೋತಾರೆ. ಕಥೆ ಅನ್ನೋದು ಒಂದು ಹಾಡಿಂದ ಇನ್ನೊಂದು ಹಾಡಿಗೆ ದಾಟೋ ಸೇತುವೆ ಅಷ್ಟೇ. ಆದ್ರೆ ಲ್ಯಾಟಿನ್ ಅಮೆರಿಕ ಪೂರ್ತಿ ಇವು ಓಡಿದ್ವು, ಅಷ್ಟೇ ಅಲ್ಲ, 1962ರ 'ಲಾ ರೇನಾ ದೆಲ್ ಶಾಂತೆಕ್ಲೇರ್' ಸೋವಿಯತ್ ಒಕ್ಕೂಟದಲ್ಲಿ ಭಾರಿ ಜನಪ್ರಿಯ ಆಯ್ತು. ಯೋಚನೆ ಮಾಡಿ, ಕಮ್ಯುನಿಸಂ ಅಂದ್ರೆ ಉರಿದು ಬೀಳ್ತಿದ್ದ ಫ್ರಾಂಕೋ ದೇಶದ ಸಿನಿಮಾ ಮಾಸ್ಕೋದಲ್ಲಿ ಜನ ಮುಗಿಬಿದ್ದು ನೋಡ್ತಿದ್ರು. ಎರಡೂ ಕಡೆ ಬದುಕು ಬಿಗಿಯಾಗಿತ್ತು, ಬಣ್ಣ, ರೇಷ್ಮೆ, ಮುತ್ತು, ಬಿಡುವು ಎರಡೂ ಕಡೆ ಬೇಕಿತ್ತು.

ಹಾಗಾದ್ರೆ ಸರ್ಕಾರ ಇವಳನ್ನ ಸಹಿಸ್ಕೊಂಡಿದ್ದು ಯಾಕೆ? ಬರೀ ಕೊನೇ ಸೀನಿನ ಶಿಕ್ಷೆಗೋಸ್ಕರ ಅಂತ ಹೇಳಿದ್ರೆ ಪೂರ್ತಿ ಉತ್ತರ ಆಗಲ್ಲ. 1953ರಲ್ಲಿ ಅಮೆರಿಕ ಜೊತೆ ಸೇನಾ ನೆಲೆಗಳ ಒಪ್ಪಂದ ಆಗಿತ್ತು, 1955ರಲ್ಲಿ ವಿಶ್ವಸಂಸ್ಥೆ ಸದಸ್ಯತ್ವ ಸಿಕ್ಕಿತ್ತು, 1959ರಲ್ಲಿ ಆರ್ಥಿಕ ಸುಧಾರಣೆ ಬಂತು, ಪ್ರವಾಸಿಗರು ಬರೋಕೆ ಶುರುವಾಗಿದ್ರು. ಬಾಗಿಲು ಮುಚ್ಕೊಂಡು ಕೂತಿದ್ದ ದೇಶ ಹೊರಗಿನವ್ರಿಗೆ ತನ್ನ ನಗುಮುಖ ತೋರಿಸ್ಬೇಕಿತ್ತು. ಹಾಲಿವುಡ್‌ಗೆ ಹೋಗಿ ಬಂದ, ಹೊರದೇಶಗಳಲ್ಲಿ ಸಿನಿಮಾ ಓಡಿಸಿ ದುಡ್ಡು ತರೋ ಸುಂದರಿ ಅದಕ್ಕೆ ಅನುಕೂಲನೇ. ಇನ್ನೊಂದು, ಅವಳ ಕಥೆಗಳು ಹೆಚ್ಚಾಗಿ ನಡೀತಿದ್ದಿದ್ದು 1900ರಿಂದ 1920ರ ನಡುವೆ. ಅದು ಹಳೇ ಕಾಲ, ಈಗಿನ ಹೆಂಗಸರು ಹಾಗಿಲ್ಲ ಅಂತ ಹೇಳ್ಕೊಂಡು ಸೆನ್ಸಾರ್‌ನವ್ರು ಸಮಾಧಾನ ಪಟ್ಕೋಬಹುದಿತ್ತು. ಸಾರಾ ಕೂಡ ಸರ್ಕಾರವನ್ನ ಎದುರು ಹಾಕ್ಕೊಂಡ ಹೋರಾಟಗಾರ್ತಿ ಏನಲ್ಲ, ಹಾಗೆ ಬಿಂಬಿಸೋದು ಸುಳ್ಳಾಗುತ್ತೆ. ಅವಳು ತನಗೆ ಸಿಕ್ಕಿದ ಸಂದಿಯೊಳಗೆ ತನ್ನ ಜಾಗ ಮಾಡ್ಕೊಂಡ್ಳು, ಆ ಸಂದಿಯಲ್ಲಿ ಲಕ್ಷಾಂತರ ಜನಕ್ಕೆ ಉಸಿರಾಡೋಕೆ ಗಾಳಿ ಬಂತು.

1960ರ ದಶಕದ ಕೊನೆಗೆ ಈ ಅಚ್ಚು ಸವೀತಾ ಬಂತು. ಹುಡುಗರು ಬೀಟಲ್ಸ್ ಕೇಳ್ತಿದ್ರು, ಮಿನಿಸ್ಕರ್ಟ್ ಬಂದಿತ್ತು. ಬಾರ್ಸಿಲೋನಾದ ಫ್ಯಾಷನ್ ಬೀದಿಯ ಮೇಲೆ ತೆಗೆದ 'ತುಸೆತ್ ಸ್ಟ್ರೀಟ್' ಅನ್ನೋ ಆಧುನಿಕ ಸಿನಿಮಾದಲ್ಲಿ ಅವಳು ಪ್ರಯತ್ನ ಮಾಡಿದ್ಳು, ಆದ್ರೆ ಯುವ ನಿರ್ದೇಶಕ ಹೋರ್ಹೆ ಗ್ರಾವ್ ಜೊತೆ ಹೊಂದಾಣಿಕೆ ಆಗದೆ ಅವ್ರು ಮಧ್ಯದಲ್ಲೇ ಬಿಟ್ಟು ಲುಯಿಸ್ ಮಾರ್ಕೀನಾ ಬಂದು ಮುಗಿಸ್ಬೇಕಾಯ್ತು. 1969ರಲ್ಲಿ ಮಾರಿಯೋ ಕಾಮುಸ್ ನಿರ್ದೇಶನದ 'ಎಸಾ ಮುಹೇರ್', 1971ರಲ್ಲಿ ಹ್ವಾನ್ ಆಂತೋನಿಯೋ ಬಾರ್ದೆಮ್ ಅವರ 'ವಾರಿಯೆತೆಸ್'. ಬಾರ್ದೆಮ್ ಕಮ್ಯುನಿಸ್ಟ್, ಫ್ರಾಂಕೋ ಕಾಲದಲ್ಲಿ ಜೈಲು ಕಂಡ ನಿರ್ದೇಶಕ, ಅಂಥವ್ರೂ ಸಾರಾ ಜೊತೆ ಸಿನಿಮಾ ಮಾಡಿದ್ರು. 1974ಕ್ಕೆ ಅವಳು ನಾಯಕಿಯಾಗಿ ನಟಿಸೋದು ನಿಲ್ಲಿಸಿದ್ಳು. 1975ರ ನವೆಂಬರ್‌ನಲ್ಲಿ ಫ್ರಾಂಕೋ ಸತ್ರು, ಸೆನ್ಸಾರ್ ಸಡಿಲ ಆಯ್ತು, ಸ್ಪೇನ್ ಸಿನಿಮಾ ಪೂರ್ತಿ ನಗ್ನತೆಯ ಕಡೆ ವಾಲ್ತು, ಅದ್ರಲ್ಲಿ ಅವಳಿಗೆ ಆಸಕ್ತಿ ಇರ್ಲಿಲ್ಲ. ಇದು ಅರ್ಥ ಆಗೋ ಮಾತೇ, ಅವಳ ಕಲೆ ನಿಂತಿದ್ದೇ ಸೂಚನೆಯ ಮೇಲೆ, ಎಲ್ಲವನ್ನೂ ತೋರಿಸಬಹುದು ಅಂದ್ಮೇಲೆ ಸೂಚಿಸೋಕೆ ಏನು ಉಳೀತು?

ಅವಳು ವೇದಿಕೆಗೆ ಹೋದ್ಳು. ಸಾರಿತೀಸಿಮಾ ಅನ್ನೋ ಶೋ, ಆಮೇಲೆ ಅದೇ ಅವಳ ಅಡ್ಡಹೆಸರೂ ಆಯ್ತು. ಮಾಯೋರ್ಕಾ ದ್ವೀಪದ ಪತ್ರಕರ್ತ, ವ್ಯವಹಾರಸ್ಥ ಪೆಪೆ ತೌಸ್ ಜೊತೆ 1979ರಲ್ಲಿ ಮದುವೆ, ಇಬ್ರು ಮಕ್ಕಳನ್ನ ದತ್ತು ತಗೊಂಡ್ರು, ಪೆಪೆ 1992ರಲ್ಲಿ ತೀರ್ಕೊಂಡ್ರು. ಟಿವಿ ಕಾರ್ಯಕ್ರಮಗಳು, ಸಂದರ್ಶನಗಳು, ಅಮೆರಿಕನ್ ಲೇಖಕ ಹೆಮಿಂಗ್ವೇ ತನಗೆ ಚುಟ್ಟಾ ಸೇದೋಕೆ ಕಲಿಸಿದ್ರು ಅನ್ನೋ ಥರದ ಕಥೆಗಳು. ಅವಳ ಹಳೇ ಪ್ರೇಮಗಳ ಬಗ್ಗೆ ಅವಳೇ ಹೇಳ್ಕೊಂಡಿದ್ದನ್ನೆಲ್ಲಾ ಇತಿಹಾಸ ಅಂತ ತಗೋಬೇಡಿ, ಸತ್ತವ್ರ ಹೆಸರುಗಳೇ ಜಾಸ್ತಿ, ಹೌದು ಅಲ್ಲ ಅನ್ನೋಕೆ ಅವ್ರಿಲ್ಲ. 2009ರಲ್ಲಿ, 81ನೇ ವಯಸ್ಸಲ್ಲಿ, ಫಾಂಗೋರಿಯಾ ಅನ್ನೋ ಎಲೆಕ್ಟ್ರಾನಿಕ್ ಪಾಪ್ ತಂಡದ ಜೊತೆ ಹಾಡಿದ್ಳು. 2013ರ ಏಪ್ರಿಲ್ 8ರಂದು ಮ್ಯಾಡ್ರಿಡ್‌ನಲ್ಲಿ ಕೊನೆಯುಸಿರೆಳೆದ್ಳು.

ಒಂದು ಗುಂಪಿನ ಜನರ ಬಗ್ಗೆ ಹೇಳ್ದೆ ಈ ವಿಷಯ ಮುಗಿಸೋಕಾಗಲ್ಲ. ಫ್ರಾಂಕೋ ಸ್ಪೇನ್‌ನಲ್ಲಿ ಸಲಿಂಗಿಗಳಾಗಿ ಬದುಕೋದು ಅಪರಾಧ ಆಗಿತ್ತು, 1970ರಲ್ಲಿ ಬಂದ ಸಾಮಾಜಿಕ ಅಪಾಯದ ಕಾನೂನು ಅನ್ನೋದ್ರ ಕೆಳಗೆ ಎಷ್ಟೋ ಜನರನ್ನ ಹಿಡಿದು ಒಳಗೆ ಹಾಕ್ತಿದ್ರು. ಆ ಜನ ಸಾರಾನ ತಮ್ಮವಳು ಅಂದ್ಕೊಂಡ್ರು. ಸಣ್ಣ ಕ್ಲಬ್‌ಗಳಲ್ಲಿ ಗಂಡಸರು ಹೆಣ್ಣಿನ ವೇಷ ಹಾಕಿ ಸಾರಾ ಥರ ಒರಗಿ, ಸಾರಾ ಥರ ಕಣ್ಣು ಅರ್ಧ ಮುಚ್ಚಿ ಹಾಡೋದು ಒಂದು ಪರಂಪರೆನೇ ಆಯ್ತು. ಯಾಕೆ ಇವಳೇ? ಮೇಲೆ ಹೇಳಿದ್ದನ್ನ ಮತ್ತೆ ನೆನೆಸ್ಕೊಂಡ್ರೆ ಗೊತ್ತಾಗುತ್ತೆ. ಹೊರಗೆ ಒಪ್ಕೊಂಡ ಹಾಗೆ ಮಾಡಿ ಒಳಗೆ ತನ್ನದನ್ನ ಉಳಿಸ್ಕೊಳ್ಳೋದು, ಬಾಯಲ್ಲಿ ಹೇಳಬಾರದ್ದನ್ನ ದನಿಯಲ್ಲಿ ಹೇಳೋದು, ಇದು ಅವ್ರ ದಿನದಿನದ ಬದುಕಾಗಿತ್ತು. ಸ್ಪೇನ್‌ನ ಹೆಸರಾಂತ ನಿರ್ದೇಶಕ ಪೆದ್ರೋ ಆಲ್ಮೊದೋವಾರ್ ಕೂಡ ಲಾ ಮಾಂಚಾ ಸೀಮೆಯವರೇ, 2004ರ ತಮ್ಮ 'ಲಾ ಮಾಲಾ ಎದುಕಾಸಿಯೋನ್' ಸಿನಿಮಾದಲ್ಲಿ ಪಾದ್ರಿಗಳ ಶಾಲೆಯ ಇಬ್ಬರು ಹುಡುಗರನ್ನ ಥಿಯೇಟರ್‌ನಲ್ಲಿ ಕೂರಿಸಿ 'ಎಸಾ ಮುಹೇರ್' ತೋರಿಸ್ತಾರೆ, ಅದೇ ಸಿನಿಮಾದಲ್ಲಿ ಮೆಕ್ಸಿಕೋದ ನಟ ಗಾಯೆಲ್ ಗಾರ್ಸಿಯಾ ಬೆರ್ನಾಲ್ ಹೆಣ್ಣಿನ ವೇಷದಲ್ಲಿ ಬಂದು ಸಾರಾ ದನಿಗೆ ತುಟಿ ಆಡಿಸ್ತಾನೆ.

ನೋಡೋಕೆ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟೇ, ಸಿನಿಮಾದಿಂದ ಶುರು ಮಾಡಬೇಡಿ, ಮೊದ್ಲು ಫುಮಾಂದೋ ಎಸ್ಪೇರೋ ಹಾಡಿನ ದೃಶ್ಯ ಒಂದನ್ನ ಹುಡುಕಿ ನೋಡಿ, ರಾಕೆಲ್ ಮೆಯೆರ್ ಹಾಡಿರೋ ಲಾ ವಿಯೋಲೆತೇರಾ ಹಳೇ ರೆಕಾರ್ಡಿಂಗ್ ಕೇಳಿ ಪಕ್ಕಕ್ಕೇ ಸಾರಾದ್ದು ಇಟ್ಟು ಕೇಳಿ, ಆಮೇಲೆ ಎಲ್ ಉಲ್ತಿಮೋ ಕುಪ್ಲೆ. ವೆರಾ ಕ್ರೂಜ್ ಕೊನೆಗಿರ್ಲಿ, ಅದ್ರಲ್ಲಿ ಅವಳು ಚೆನ್ನಾಗಿ ಕಾಣ್ತಾಳೆ, ಆದ್ರೆ ಅವಳಿಗೆ ಏನು ಬರ್ತಿತ್ತು ಅಂತ ಅಲ್ಲಿ ಯಾರೂ ಕೇಳಿರ್ಲಿಲ್ಲ.